ಪರ್ಚಾ ಕಿಟಕಿಯ ಮುಂದೆ

ಅರವತ್ತರ ಹತ್ತಿರ ಬಂದಿರೋ ನರ್ಸಮ್ಮ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ರಾತ್ರಿ ಒಂಬತ್ತೂವರೆಗೆ ಪಾಠ ಕೇಳ್ತಾ ಕೂತ್ರೆ ಮನೆಯವರು ನಗದೆ ಇರ್ತಾರಾ? "ಈ ವಯಸ್ಸಲ್ಲಿ ಯಾವ ಪರೀಕ್ಷೆ ಕಟ್ಟಿದೀಯೆ ಮಾರಾಯ್ತಿ" ಅಂದ್ರು ನಮ್ಮವರು. ಪರೀಕ್ಷೆ ಏನಿಲ್ಲ. ಎಲ್‌ಜಿಬಿಟಿ ಜನರ ಆರೋಗ್ಯದ ಬಗ್ಗೆ ಆಸ್ಪತ್ರೆ ಕೆಲಸದವರಿಗೆ ಅಂತ ಇರೋ ಆನ್‌ಲೈನ್ ತರಬೇತಿ. ಗಂಡನ್ನೇ ಇಷ್ಟಪಡೋ ಗಂಡಸರು, ಹೆಣ್ಣನ್ನೇ ಇಷ್ಟಪಡೋ ಹೆಂಗಸರು, ಇಬ್ಬರನ್ನೂ ಇಷ್ಟಪಡೋರು, ಆಮೇಲೆ ನಮ್ಮ ಕಡೆ ಮಂಗಳಮುಖಿಯರು, ಜೋಗತಿಯರು ಅಂತ ಕರೀತೀವಲ್ಲ ಅಂಥವರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕೋರು... ಇವರೆಲ್ಲ ಆಸ್ಪತ್ರೆಗೆ ಬಂದ್ರೆ ಬೇರೆಯವರಿಗೆ ಸಿಗೋ ಚಿಕಿತ್ಸೆಯೇ ಸಿಗಬೇಕು, ಅದಕ್ಕೆ ನಾವು ಏನು ಕಲೀಬೇಕು ಅನ್ನೋದು ವಿಷಯ.

ನಾನು ಸಾಗರದಿಂದ ಬನಾರಸಿಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ನಮ್ಮವರಿಗೆ ಡಿ.ಎಲ್.ಡಬ್ಲ್ಯು.ನಲ್ಲಿ ಕೆಲಸ (2020ರಿಂದ ಅದು ಬಿ.ಎಲ್.ಡಬ್ಲ್ಯು., ಬನಾರಸ್ ರೇಲ್ ಇಂಜನ್ ಕಾರ್ಖಾನೆ. ನಮ್ಮ ಬಾಯಿಗೆ ಮಾತ್ರ ಹಳೇ ಹೆಸರೇ ಬರೋದು). ನನಗೆ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ. ಬಿಹಾರದಿಂದ, ಝಾರ್ಖಂಡಿನಿಂದ, ಆ ಕಡೆ ಮಧ್ಯಪ್ರದೇಶದಿಂದ ರಾತ್ರಿ ರೈಲು ಹತ್ತಿ ರೋಗಿಗಳು ಬರೋ ಊರು ಇದು. ಬೆಳಿಗ್ಗೆ ಪರ್ಚಾ ಕಿಟಕಿ, ಅಂದ್ರೆ ಚೀಟಿ ಮಾಡಿಸೋ ಕಿಟಕಿ, ತೆರೆಯೋ ಹೊತ್ತಿಗೆ ಅದರ ಮುಂದೆ ನಲವತ್ತು ಜನ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು.

ಪಾಠಗಳು ಚೆನ್ನಾಗಿದ್ವು, ಸುಳ್ಳು ಹೇಳಬಾರದು. ಇಂಥ ಪಾಠಗಳಲ್ಲಿ ಹೆಚ್ಚಿನವು ಅಮೆರಿಕದ್ದು. ಬಾಸ್ಟನ್ನಿನಲ್ಲಿ 1971ರಲ್ಲಿ ಶುರುವಾದ ಫೆನ್‌ವೇ ಅನ್ನೋ ಆರೋಗ್ಯ ಕೇಂದ್ರ ಇದೆ, ಅದರ ಸಂಸ್ಥೆಯವರು ಇದಕ್ಕಂತಲೇ ಒಂದು ಶಿಕ್ಷಣ ಕೇಂದ್ರ ನಡೆಸ್ತಾರೆ. ದುಡ್ಡಿಲ್ಲದೆ ಮನೇಲೇ ಕೂತು ಕೇಳಬಹುದು. ಮೂವತ್ತು ವರ್ಷ ಸೂಜಿ ಚುಚ್ಚಿದವಳಿಗೂ ಹೊಸದು ಅನ್ನಿಸೋ ವಿಷಯ ಈ ಪಾಠಗಳಲ್ಲಿ ಸಿಕ್ಕಿತು. ಉದಾಹರಣೆಗೆ, ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕ್ತಿರೋರು ಟೆಸ್ಟೋಸ್ಟೆರಾನ್ ತಗೊಳ್ತಿದ್ರೆ ಹಿಮೋಗ್ಲೋಬಿನ್ ಏರುತ್ತೆ. ಚೀಟಿಯಲ್ಲಿ "ಎಫ್" ಅಂತ ಇದ್ರೆ ಲ್ಯಾಬಿನ ಕಂಪ್ಯೂಟರು ಹೆಂಗಸರ ಲೆಕ್ಕ ಹಿಡಿದು ಜಾಸ್ತಿ ಅಂತ ಗುರುತು ಹಾಕುತ್ತೆ. ಆದ್ರೆ ಗರ್ಭಕೋಶದ ಕೊರಳು ತೆಗೆಸಿಲ್ಲ ಅಂದ್ರೆ ಅವರಿಗೂ ಪ್ಯಾಪ್ ಪರೀಕ್ಷೆ ಬೇಕು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೆಣ್ಣಾದವರಲ್ಲಿ ಪ್ರೊಸ್ಟೇಟ್ ಸಾಮಾನ್ಯವಾಗಿ ಹಾಗೇ ಉಳಿದಿರುತ್ತೆ. ಕಾರ್ಡಿನ ಅಕ್ಷರ ನೋಡಬೇಡಿ, ಮೈಯಲ್ಲಿ ಯಾವ ಅಂಗ ಇದೆಯೋ ಅದನ್ನ ನೋಡ್ಕೊಳ್ಳಿ ಅನ್ನೋದು ಪಾಠ. ಎಷ್ಟು ಸರಳ ಅಲ್ವಾ?

ತಕರಾರು ಶುರುವಾಗೋದು ಇದಾದ ಮೇಲೆ. ಅಲ್ಲಿಯ ಪದ್ಧತಿ ಪ್ರಕಾರ ಬಂದ ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ ಕೇಳಬೇಕು: ಈಗ ನಿಮ್ಮನ್ನ ನೀವು ಏನು ಅಂದ್ಕೊಳ್ತೀರಿ, ಹುಟ್ಟಿದಾಗ ಏನು ಅಂತ ಬರೆಸಿದ್ರು. ಜೊತೆಗೆ ನಿಮ್ಮ ಒಲವು ಯಾರ ಕಡೆ ಅಂತಾನೂ. ಬಾಗಿಲು ಇರೋ ಕೋಣೆಯಲ್ಲಿ ಡಾಕ್ಟ್ರು, ರೋಗಿ ಇಬ್ಬರೇ ಕೂತಿರುವಾಗ ಇದು ಒಳ್ಳೇ ಪ್ರಶ್ನೆಯೇ. ನಮ್ಮ ಪರ್ಚಾ ಕಿಟಕಿಯಲ್ಲಿ ಕೇಳಿ ನೋಡಿ! ಹಿಂದೆ ನಲವತ್ತು ಜನ, ಪಕ್ಕದಲ್ಲಿ ಅತ್ತೆ, ಚೀಟಿ ಹಿಡಿದಿರೋನು ಭಾವ. ಇಲ್ಲಿ ರೋಗಿ ಒಬ್ಬರೇ ಬರೋದು ಅಪರೂಪ, ಒಬ್ಬರೇ ಬಂದ್ರೆ "ಸಾಥ್ ಮೇಂ ಕೌನ್ ಹೈ" ಅಂತ ನಾವೇ ಕೇಳ್ತೀವಿ. ಅಂಥ ಕಡೆ ನಿಜ ಹೇಳಿದ ಹುಡುಗನಿಗೆ ಮನೆ ಉಳಿಯುತ್ತಾ? ಈ ಊರಿಗೆ ಮೊದಲು ಬೇಕಾಗಿರೋದು ಪ್ರಶ್ನೆಗಳ ಪಟ್ಟಿ ಅಲ್ಲ, ಕೇಳೋದಕ್ಕೆ ಒಂದು ಬಾಗಿಲು ಅಂತ ನನ್ನ ಅಭಿಪ್ರಾಯ. ಬಾಗಿಲು ಇಲ್ಲದ ಕಡೆ ಆ ಪ್ರಶ್ನೆ ಕೇಳದೇ ಇರೋದೂ ಚಿಕಿತ್ಸೆಯ ಭಾಗವೇ.

ಇನ್ನೊಂದು ವಿಷಯ. ಇಲ್ಲಿಯ ಕಿನ್ನರರಲ್ಲಿ ಎಷ್ಟೋ ಜನ "ನಿರ್ವಾಣ" ಆದವರು. ಆಸ್ಪತ್ರೆಯ ಹೊರಗೆ ತಮ್ಮವರ ಕೈಯಲ್ಲೇ ಅಂಗ ತೆಗೆಸಿಕೊಂಡಿರ್ತಾರೆ. ಹಾಗೆ ಮಾಡಿಸಿಕೊಂಡವರಿಗೆ ಮೂತ್ರದ ದಾರಿ ಕಿರಿದಾಗಿ ಕಟ್ಟಿಕೊಳ್ಳೋದು, ಮೇಲಿಂದ ಮೇಲೆ ಸೋಂಕು ಆಗೋದು ಇದ್ದದ್ದೇ. ನಾನು ಕೇಳಿದ ವಿದೇಶಿ ಪಾಠಗಳಲ್ಲಿ ಇದರ ಸುದ್ದಿಯೇ ಬರಲಿಲ್ಲ. ಬರೋದಾದ್ರೂ ಹೇಗೆ, ಪಾಪ.

ಸುಮಾರು ವರ್ಷದ ಹಿಂದೆ ನಮ್ಮಲ್ಲಿಗೇ ಒಬ್ಬರು ಹೀಗೆ ಮೂತ್ರ ಕಟ್ಟಿ ಬಂದಿದ್ರು. ನಲವತ್ತೈದರ ಆಸುಪಾಸು, ಜೊತೆಗೆ ಇಬ್ಬರು ಚೇಲಾಗಳು. ಆಧಾರ್‌ನಲ್ಲಿ ಗಂಡಸಿನ ಹೆಸರು, ಮೈಮೇಲೆ ಸೀರೆ. ಕಿಟಕಿಯ ಹುಡುಗ ಆ ಹೆಸರನ್ನ ಗಟ್ಟಿಯಾಗಿ ಕೂಗಿದ, ಎರಡು ಸಲ. ಸಾಲಿನಲ್ಲಿ ನಗು. ಡಾಕ್ಟ್ರು ನೋಡಿ ಕ್ಯಾಥೆಟರ್ ಹಾಕಿ ಭರ್ತಿ ಮಾಡಿ ಅಂದ್ರು. ಆಮೇಲೆ ಒಂದೂವರೆ ಗಂಟೆ ಏನೂ ನಡೆಯಲಿಲ್ಲ. ಹಾಸಿಗೆ ಖಾಲಿ ಇತ್ತು, ಔಷಧಿ ಇತ್ತು, ಗಂಡಸರ ವಾರ್ಡೋ ಹೆಂಗಸರ ವಾರ್ಡೋ ಅಂತ ತೀರ್ಮಾನ ಆಗಲಿಲ್ಲ ಅಷ್ಟೇ. ನಾನು ಹೆಂಗಸರ ವಾರ್ಡಿನ ಮೂಲೆ ಹಾಸಿಗೆಗೆ ಪರದೆ ಎಳೆಸಿ ಕರೆಯೋಕೆ ಬಂದಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಎರಡು ದಿನ ಬಿಟ್ಟು ನಡುರಾತ್ರಿ ಆಟೋದಲ್ಲಿ ತಂದ್ರು, ಮೈ ಕೆಂಡ, ಹಲ್ಲು ಕಟಕಟ ನಡುಗ್ತಿತ್ತು. ಸೋಂಕು ರಕ್ತಕ್ಕೆ ಏರಿತ್ತು. ಉಳಿದ್ರು. ಹನ್ನೊಂದು ದಿನ ಬೇಕಾಯ್ತು. ಅದೇ ಪರದೆಯ ಹಾಸಿಗೆ. ಪಕ್ಕದ ಹಾಸಿಗೆಯ ಬಾಣಂತಿ ಮಾತ್ರ ಮಗೂಗೆ ಆಶೀರ್ವಾದ ಮಾಡಿ ಅಂತ ತಾನೇ ಎತ್ತಿಕೊಟ್ಟಳು! ತಕರಾರೆಲ್ಲ ಆಫೀಸಿನವರದ್ದು.

ಕಾನೂನು ಇಲ್ಲ ಅನ್ನೋ ಹಾಗಿಲ್ಲ. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ನಾಲ್ಸಾ ತೀರ್ಪಿನಲ್ಲಿ ಮೂರನೇ ಲಿಂಗ ಅಂತ ಗುರುತಿಸಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಲೈಂಗಿಕ ಒಲವು ನೋಡಿ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಅಂದಿತು. 2018ರ ಸೆಪ್ಟೆಂಬರ್ 6ಕ್ಕೆ 377ರ ಭೂತವೂ ಇಳೀತು. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ 15ನೇ ಕಲಮಿನಲ್ಲಿ ಡಾಕ್ಟರರ ಪಠ್ಯವನ್ನೇ ಮರುಪರಿಶೀಲನೆ ಮಾಡಬೇಕು ಅಂತ ಬರೆದ್ರು. ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ಮುಂದೆ 2021ರಲ್ಲಿ ಇಬ್ಬರು ಹೆಣ್ಣುಮಕ್ಕಳ ಕೇಸು ಬಂದಾಗ, ಅವರು ಈ ವಿಷಯ ತಿಳಿಯೋಕೆ ತಾವೇ ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಕೂತು ಕಲಿತು ಆಮೇಲೆ ಆದೇಶ ಬರೆದ್ರು. ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಜಡ್ಜ್ ಸಾಹೇಬರು ಕಲಿಯೋಕೆ ಕೂರಬಹುದಾದ್ರೆ ನಮ್ಮ ಕಂಪೌಂಡರ್ ಯಾಕೆ ಕೂರಬಾರದು? ಅದೇ ಕೇಸಿನ ಬೆನ್ನಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಪುಸ್ತಕಗಳಲ್ಲಿ ಕೀಳಾಗಿ ಬರೆದಿರೋದನ್ನ ತೆಗೀರಿ ಅಂತ ಕಾಲೇಜುಗಳಿಗೆ ಹೇಳಿತು. 2022ರಲ್ಲಿ, ಒಲವು "ಸರಿಮಾಡ್ತೀವಿ" ಅಂತ ಚಿಕಿತ್ಸೆ ಕೊಡೋದು ವೃತ್ತಿಗೆಟ್ಟ ನಡತೆ ಅಂತಲೂ ಹೇಳಿತು.

ಇಷ್ಟೆಲ್ಲ ಆದ ಮೇಲೆ 2024ರ ಆಗಸ್ಟ್ ಕೊನೆಗೆ ಬಂದ ಹೊಸ ಎಂಬಿಬಿಎಸ್ ಪಠ್ಯಸೂಚಿಯಲ್ಲಿ ಸಲಿಂಗ ಸಂಬಂಧಗಳು ಮತ್ತೆ ಅಸ್ವಾಭಾವಿಕ ಅಪರಾಧಗಳ ಪಟ್ಟಿಯಲ್ಲಿ ಕಾಣಿಸಿಕೊಂಡ್ವು! ಗಲಾಟೆಯಾಗಿ ಸೆಪ್ಟೆಂಬರ್ ಮೊದಲ ವಾರದಲ್ಲೇ ಅದನ್ನ ವಾಪಸ್ ತಗೊಂಡು ಆಮೇಲೆ ತಿದ್ದಿದ್ದು ಕೊಟ್ರು. ಒಂದು ವಾರದ ಕಥೆ, ಆದ್ರೆ ಹಳೇ ಹಾಳೆಗಳು ಎಷ್ಟು ಹತ್ತಿರ ಇವೆ ನೋಡಿ.

ಅದೇ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ಒಂದು ಕಾಗದ ಬರೆದಿತ್ತು. ಹತ್ತಿರದ ನೆಂಟರು ಇಲ್ಲದಾಗ ಸಂಗಾತಿಗೇ ಶವ ಕೊಡಬಹುದು ಅನ್ನೋದು ಅದರಲ್ಲಿ ಒಂದು ಮಾತು. ನಮ್ಮೂರಲ್ಲಿ ಇದು ಸಣ್ಣ ಮಾತಲ್ಲ. ಸಾಯೋಕೆ ಅಂತಲೇ ಜನ ಬರೋ ಊರು, ಮಣಿಕರ್ಣಿಕೆಯಲ್ಲಿ ಹಗಲೂ ರಾತ್ರಿ ಚಿತೆ. ಇಪ್ಪತ್ತು ವರ್ಷ ಜೊತೆಗೆ ಬದುಕಿದವರಿಗೆ "ನೀವು ಯಾರು" ಅಂತ ಶವಾಗಾರದ ಬಾಗಿಲಲ್ಲಿ ಕೇಳಿಸ್ಕೊಳ್ಳಬೇಕಾದ್ರೆ ಹೇಗಿರುತ್ತೆ? ಕಾಗದ ಬಂದಿದೆ ಅಂತ ಆ ಬಾಗಿಲಲ್ಲಿ ನಿಂತವನಿಗೆ ಯಾರಾದ್ರೂ ಹೇಳಿದಾರಾ ಅನ್ನೋದೇ ನನ್ನ ಪ್ರಶ್ನೆ.

ಈ ತರಬೇತಿಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ, ಡಾಕ್ಟರಿಗೆ, ಕೌನ್ಸೆಲರಿಗೆ, ಹೆಚ್ಚೆಂದ್ರೆ ನನ್ನಂಥ ಸಿಸ್ಟರಿಗೆ. ನಮ್ಮಲ್ಲೂ ಒಳ್ಳೇವು ಇವೆ. ಮುಂಬಯಿಯ ಮಾರಿವಾಲಾ ಹೆಲ್ತ್ ಇನಿಶಿಯೇಟಿವ್ ಕೌನ್ಸೆಲರುಗಳಿಗೆ ಕೋರ್ಸು ಮಾಡ್ತಾರೆ, ಅದನ್ನ ರೂಪಿಸಿದವರೇ ಆ ಸಮುದಾಯದ ಮನೋಚಿಕಿತ್ಸಕರು. ಆದ್ರೆ ರೋಗಿ ಒಳಗೆ ಬರಬೇಕೋ ಮೆಟ್ಟಿಲಿಂದಲೇ ಎದ್ದು ಹೋಗಬೇಕೋ ಅಂತ ತೀರ್ಮಾನ ಮಾಡೋರು ಕಿಟಕಿಯ ಹುಡುಗ, ಗೇಟಿನ ಚೌಕೀದಾರ, ಆಯಾ. ಅವರಿಗೆ ಯಾರೂ ಲಿಂಕ್ ಕಳಿಸೋದಿಲ್ಲ.

ಹಾಗಾಗಿ ನಾನೇ ಅರ್ಧ ಗಂಟೆಯದ್ದು ಒಂದು ಮಾಡಿಕೊಂಡಿದೀನಿ, ಹಿಂದಿ-ಭೋಜಪುರಿ ಕಲಸಿ (ನನ್ನ ಭೋಜಪುರಿ ಕೇಳಿ ಆಯಾಗಳು ಹೊಟ್ಟೆ ಹಿಡ್ಕೊಂಡು ನಕ್ಕರು, ಪಾಠಕ್ಕೆ ಅದೂ ಒಳ್ಳೇದೇ). ಮೂರೇ ಮಾತು. ಹೆಸರು ಕೂಗಬೇಡಿ, ಟೋಕನ್ ನಂಬರ್ ಕೂಗಿ. ಏನಂತ ಕರೀಲಿ ಅಂತ ಮೆಲ್ಲಗೆ ಕೇಳಿ. ವಾರ್ಡು ಯಾವುದು ಅಂತ ಅವರನ್ನೇ ಕೇಳಿ, ಕೇಳೋವರೆಗೂ ನಿಲ್ಲಿಸಬೇಡಿ, ಕೂರಿಸಿ.

ಟೋಕನ್ ಯಂತ್ರ ಹೋದ ತಿಂಗಳು ಬಂತು. ಗಲಾಟೆ ಕಡಿಮೆ ಆಗುತ್ತೆ ಅಂತ ಹೇಳಿ ಮಾಲೀಕ ಡಾಕ್ಟ್ರನ್ನ ಒಪ್ಪಿಸಿದ್ದು. ಪರದೆ ಎಳೆದ ಮೂಲೆ ಹಾಸಿಗೆಯನ್ನ ಹಾಗೇ ಬಿಡಬೇಕು ಅಂತಲೂ ಕೇಳಿದೀನಿ. "ದೇಖ್ತೇ ಹೈಂ ಸಿಸ್ಟರ್" ಅಂದಿದಾರೆ. ಸೋಮವಾರ ಮತ್ತೆ ಕೇಳ್ತೀನಿ.