ಒಂದು ದೀರ್ಘದ ಕಥೆ

ನಿವೃತ್ತನಾದ ಮೇಲೂ ಏನಾದರೊಂದನ್ನು ಹೊಸದಾಗಿ ಕಲಿಯುತ್ತಿರಬೇಕೆಂಬ ಹಠ ನನ್ನದು. ಕಳೆದ ತಿಂಗಳು ಊರಿಗೆ ಬಂದಿದ್ದ ಮಗಳು ನನ್ನ ಗಣಕದಲ್ಲಿ 'ಈಮ್ಯಾಕ್ಸ್' ಎಂಬ ತಂತ್ರಾಂಶವನ್ನು ಅಳವಡಿಸಿಕೊಟ್ಟಳು. ಅದು ಬರವಣಿಗೆಯ ಸಾಧನ. ಆದರೆ ಅದರ ಒಡಲಲ್ಲೇ ಲಿಸ್ಪ್ ಭಾಷೆಯಿದೆ. 1958ರಲ್ಲಿ ಜಾನ್ ಮೆಕಾರ್ಥಿ ರೂಪಿಸತೊಡಗಿದ ಭಾಷೆಯ ವಂಶ ಅದು. ಅಲ್ಲಿ ಎಲ್ಲವೂ ಕಂಸಗಳೊಳಗೆ. ಗಣಿತ ಕಲಿಸಿದವನಿಗೆ ಕಂಸದ ಭಯವೆಲ್ಲಿಯದು?

"ಅಪ್ಪಾ, ಒಂದು ಹೆಸರು ಹೇಳಿ" ಎಂದಳು. "ಕಮಲಾ" ಎಂದೆ. ಕಂಸದೊಳಗೆ ಮೊದಲು 'ಸೆಕ್ಯೂರ್-ಹ್ಯಾಶ್', ಅನಂತರ 'ಶಾ256', ಕೊನೆಗೆ ಉದ್ಧರಣ ಚಿಹ್ನೆಗಳ ನಡುವೆ ಆ ಹೆಸರು. ಒಡನೆಯೇ ಅಂಕೆ-ಅಕ್ಷರಗಳು ಬೆರೆತ 64 ಚಿಹ್ನೆಗಳ ಸಾಲು ಮೂಡಿತು. ಒಂದು ಪದವಿರಲಿ, ಇಡೀ ಪುಸ್ತಕವಿರಲಿ, ಸಾಲಿನ ಉದ್ದ ಅಷ್ಟೇ. ಸಾಲಿನಿಂದ ಮೂಲಪದಕ್ಕೆ ಹಿಂದಿರುಗುವ ದಾರಿಯಿಲ್ಲ. ದೀರ್ಘ ತೆಗೆದು 'ಕಮಲ' ಎಂದು ಕೊಟ್ಟಾಗ ಬಂದ ಸಾಲಿಗೂ ಮೊದಲಿನದಕ್ಕೂ ಯಾವ ಹೋಲಿಕೆಯೂ ಇರಲಿಲ್ಲ.

ನಾನು ಮೌನವಾದೆ. ನೆನಪು ಬಹಳ ಹಿಂದಕ್ಕೆ ಹೋಯಿತು.

ಗುಮಾಸ್ತರಿಲ್ಲದ ನಮ್ಮ ಶಾಲೆಯಲ್ಲಿ ವರ್ಗಾವಣೆ ಪತ್ರ ಬರೆಯುವ ಹೊಣೆ ನನ್ನದಾಗಿತ್ತು. ಒಬ್ಬ ವಿದ್ಯಾರ್ಥಿನಿಯ ಹೆಸರಿನ ಕೊನೆಯ ದೀರ್ಘವನ್ನು ಅವಸರದಲ್ಲಿ ಬಿಟ್ಟುಬಿಟ್ಟೆ. ಅಂಕಪಟ್ಟಿಯಲ್ಲಿ ದೀರ್ಘವಿತ್ತು. ವರ್ಷಗಳ ನಂತರ ಅವಳಿಗೆ ಕೆಲಸ ಸಿಗುವ ಹೊತ್ತಿಗೆ ದಾಖಲೆ ಪರಿಶೀಲನೆಯಲ್ಲಿ ತಡೆದರು. "ಮೇಷ್ಟ್ರೇ, ಇಬ್ಬರೂ ಒಬ್ಬಳೇ ಎಂದು ನೀವೇ ಹೇಳಬೇಕು" ಎಂದು ಅವಳ ತಂದೆ ನಮ್ಮ ಮನೆಗೇ ಬಂದರು. ಅಫಿಡವಿಟ್, ತಿದ್ದುಪಡಿ ಎಂದು ಅಲೆದಾಡಿ ಎಲ್ಲ ಸರಿಪಡಿಸುವಷ್ಟರಲ್ಲಿ ಹುದ್ದೆ ಬೇರೆಯವರ ಪಾಲಾಗಿತ್ತು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಯಂತ್ರದ ಕಠೋರತೆಯನ್ನು ನಾನು ದೂರಲಾರೆ. ಕಡತವನ್ನು ಯಾರಾದರೂ ತಿದ್ದಿದ್ದಾರೆಯೇ ಎಂದು ತಿಳಿಯಲು ಅದೇ ಬೇಕು. ರೊನಾಲ್ಡ್ ರಿವೆಸ್ಟ್ 1991ರಲ್ಲಿ ರಚಿಸಿದ 'ಎಂಡಿ5' ಕ್ರಮದಲ್ಲಿ ಎರಡು ಬೇರೆ ದತ್ತಾಂಶಗಳಿಗೆ ಒಂದೇ ಸಾಲು ಬರುವಂತೆ ಮಾಡಬಹುದೆಂದು 2004ರಲ್ಲಿ ಚೀನಾದ ಸಂಶೋಧಕರು ತೋರಿಸಿದಾಗ ಅದರ ಮೇಲಿನ ನಂಬಿಕೆಯೇ ಕುಸಿಯಿತು.

ಮಗಳು ಮತ್ತೊಂದನ್ನು ತೋರಿಸಿದಳು. 'ಕೊಡಗು' ಎಂದು ಎರಡು ಸಲ ಬರೆದಳು. ಕಣ್ಣಿಗೆ ಎರಡೂ ಒಂದೇ. ಹ್ಯಾಶ್ ಮಾತ್ರ ಬೇರೆ! ಯೂನಿಕೋಡ್‌ನಲ್ಲಿ 'ಕೊ' ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡ್ ಹೇಳುತ್ತದೆ, ಹ್ಯಾಶ್ ಅದನ್ನರಿಯದು. ಆದ್ದರಿಂದ ಪದಗಳನ್ನು ಮೊದಲು ಒಂದೇ ರೂಪಕ್ಕೆ ತಂದುಕೊಳ್ಳಬೇಕು. ಅದಕ್ಕೂ ಈಮ್ಯಾಕ್ಸ್‌ನಲ್ಲಿ ಸಾಧನವಿದೆ. ಹಾಗೆ ಮಾಡಿದಾಗ ಎರಡು ಸಾಲುಗಳೂ ಒಂದಾದವು.

ಹೋಲಿಸಿ ನೋಡುವುದು ಯಂತ್ರದ ಕೆಲಸ. ಯಾವುದನ್ನು ಒಂದೇ ಎಂದು ಎಣಿಸಬೇಕೆಂಬುದನ್ನು ಅದಕ್ಕೆ ಮೊದಲೇ ಮನುಷ್ಯ ತೀರ್ಮಾನಿಸಬೇಕು. ಅಂದು ಆ ಮೇಜಿನಾಚೆ ಕುಳಿತವರು ಹಾಗೆ ಯೋಚಿಸಲಿಲ್ಲವೆಂದು ನಾನು ದೂರಬಹುದು. ಆದರೆ ದೀರ್ಘ ಬಿಟ್ಟ ಕೈ ನನ್ನದು.

ಅಮ್ಮಾ, ನೀನು ಇದನ್ನು ಓದುತ್ತಿದ್ದರೆ, ಅಂದು ಹೇಳಲಾಗದ ಮಾತನ್ನು ಈಗ ಹೇಳುತ್ತಿದ್ದೇನೆ: ತಪ್ಪು ನನ್ನದು, ಕ್ಷಮಿಸು.