ಕಂಬ ನೆಡುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ನಾನು ಮನೆಯನ್ನು ಕಟ್ಟಿಸಿದ್ದೇನೆ. ಮಗಳ ಮದುವೆಯನ್ನೂ ಮಾಡಿದ್ದೇನೆ. ಎರಡರಲ್ಲಿಯೂ ಕಾಣದ ಪೇಚಾಟವನ್ನು ತಾರಸಿಯ ಮೇಲೊಂದು ಆಂಟೆನಾ ನಿಲ್ಲಿಸಲು ಹೋಗಿ ಕಂಡೆ. ಆ ಗಾದೆಗೆ ಮೂರನೆಯ ತುಣುಕೊಂದನ್ನು ಸೇರಿಸುವ ಅಧಿಕಾರ ನನಗಿದೆಯೆಂದೇ ನಂಬಿದ್ದೇನೆ.

ನಿವೃತ್ತಿಯ ನಂತರ ನನಗೆ ಅಂಟಿಕೊಂಡ ಹವ್ಯಾಸ ಹ್ಯಾಮ್ ರೇಡಿಯೋ. ಸರ್ಕಾರದ ಪರೀಕ್ಷೆಗೆ ಕುಳಿತು, ಮೊಮ್ಮಕ್ಕಳ ವಯಸ್ಸಿನವರ ನಡುವೆ ಉತ್ತರ ಬರೆದು, ಲೈಸೆನ್ಸನ್ನೂ ಪಡೆದೆ. ಮಾತನಾಡುವುದಕ್ಕಿಂತ ಕೇಳುವುದರಲ್ಲಿಯೇ ನನಗೆ ಆಸಕ್ತಿ ಹೆಚ್ಚು. ಮನೆಯಲ್ಲಿ ಈ ಮಾತನ್ನು ಯಾರೂ ನಂಬುವುದಿಲ್ಲ, ಆದರೂ ನಿಜ. ಆದುದರಿಂದ ಸ್ಕ್ಯಾನರ್ ಎಂಬ ಯಂತ್ರವನ್ನು ಕೊಂಡೆ. ಸಾಧಾರಣ ರೇಡಿಯೋದಲ್ಲಿ ನಿಲಯವನ್ನು ನಾವು ಹುಡುಕಬೇಕು. ಸ್ಕ್ಯಾನರಾದರೋ ತಾನೇ ಒಂದರ ಹಿಂದೊಂದು ಕಂಪನಾಂಕವನ್ನು ತಡಕುತ್ತ ಹೋಗಿ, ಎಲ್ಲಿ ದನಿ ಕೇಳಿತೋ ಅಲ್ಲಿ ನಿಲ್ಲುತ್ತದೆ. ಪರರ ಗುಟ್ಟನ್ನು ಕೇಳುವ ಚಪಲವೆಂದು ಓದುಗರು ಭಾವಿಸಬಾರದು. ಕಾನೂನು ಒಪ್ಪದ ಮಾತುಗಳ ಗೋಜು ನನಗೆ ಬೇಡ. ನನಗೆ ಬೇಕಾದದ್ದು ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿರುವ 144ರಿಂದ 146 ಮೆಗಾಹರ್ಟ್ಸ್ ವರೆಗಿನ ಪಟ್ಟಿ ಮಾತ್ರ.

ಯಂತ್ರದೊಡನೆ ಬಂದಿದ್ದ ಗೇಣುದ್ದದ ರಬ್ಬರಿನ ಬಾಲ ಕೋಣೆಯೊಳಗೆ ಗೊರಗೊರ ಎಂದಿತೇ ಹೊರತು ಒಂದು ಮಾತನ್ನೂ ಹಿಡಿಯಲಿಲ್ಲ. ಈ ಪಟ್ಟಿಯ ಅಲೆಗಳು ಹೆಚ್ಚು ಕಡಿಮೆ ನಮ್ಮ ದೃಷ್ಟಿಯಂತೆಯೇ ನೇರವಾಗಿ ಸಾಗತಕ್ಕವು; ಗೋಡೆ, ಮರ, ಗುಡ್ಡಗಳು ಅಡ್ಡ ಬಂದರೆ ಸೊರಗುತ್ತವೆ. ಮನೆಯೊಳಗಿನ ಎಲ್‌ಇಡಿ ದೀಪಗಳು ಎಬ್ಬಿಸುವ ಗದ್ದಲ ಬೇರೆ. ತಾರಸಿಯನ್ನು ಏರದೆ ಗತಿಯಿರಲಿಲ್ಲ.

ನಮ್ಮ ಮೈಸೂರಿನ ಒಂಟಿಕೊಪ್ಪಲಿಗೆ ಆಕಾಶದ ಮಾತು ಹೊಸದೇನಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಇಲ್ಲಿನ ತಮ್ಮ ಸ್ವಂತ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಹಬ್ಬಿದ್ದು ಆ ಮನೆಯಿಂದಲೇ. ನಮ್ಮ ತಂದೆಯವರು ಕೊಂಡ ಮೊದಲ ರೇಡಿಯೋಗೆ ಎರಡು ಬಿದಿರುಗಳುಗಳ ನಡುವೆ ತಾಮ್ರದ ತಂತಿಯನ್ನು ಬಿಗಿದಿದ್ದರು. “ಏರಿಯಲ್ ಎಂದರೆ ಎತ್ತರದಲ್ಲಿರಬೇಕಪ್ಪ” ಎನ್ನುವುದು ಅವರ ಮಾತು. ಆ ಮಾತನ್ನು ನಾನು ವೇದವಾಕ್ಯವೆಂದು ಹಿಡಿದದ್ದೇ ಮುಂದಿನ ಅನಾಹುತಕ್ಕೆ ಪೀಠಿಕೆಯಾಯಿತು.

ಯಾವ ಆಂಟೆನಾ ಕೊಳ್ಳಬೇಕೆಂದು ಇಬ್ಬರು ಸ್ನೇಹಿತರನ್ನು ಕೇಳಿದೆ. ಎರಡು ಉತ್ತರಗಳು ಬಂದವು. ಒಬ್ಬರು ‘ಯಾಗಿ’ ಎಂದರು. ಜಪಾನಿನ ಯಾಗಿ ಮತ್ತು ಉದಾ ಎಂಬ ವಿಜ್ಞಾನಿಗಳು 1920ರ ದಶಕದಲ್ಲಿ ರೂಪಿಸಿದ ಬಗೆ ಅದು. ಟೆಲಿವಿಷನ್ ಬಂದ ಕಾಲದಲ್ಲಿ ಮನೆಮನೆಯ ಮೇಲೂ ಮೀನಿನ ಮುಳ್ಳಿನಂತೆ ನಿಂತಿದ್ದುದೂ ಅದರ ವಂಶದ್ದೇ. ಮೇಲೆ ಒಬ್ಬರು ತಿರುಗಿಸುತ್ತ “ಬಂತೇ?” ಎನ್ನುವುದು, ಕೆಳಗಿನಿಂದ ಮನೆಮಂದಿಯೆಲ್ಲ “ಬಂತು! ಅಯ್ಯೋ, ಹೋಯಿತು!” ಎನ್ನುವುದು ಯಾರಿಗೆ ನೆನಪಿಲ್ಲ? ಯಾಗಿ ತಾನು ಮುಖ ಮಾಡಿದ ಕಡೆ ಬಲು ಚುರುಕು. ಉಳಿದ ದಿಕ್ಕುಗಳಿಗೆ ಕಿವುಡು. ಇನ್ನೊಬ್ಬರು ‘ಡಿಸ್ಕೋನ್’ ಎಂದರು. ಬಟ್ಟೆ ಕಿತ್ತ ಕೊಡೆಯ ಕಡ್ಡಿಗಳಂತೆ ಕಾಣುವ ಅದು ಎಲ್ಲ ದಿಕ್ಕುಗಳಿಂದಲೂ, ಬಹು ವಿಸ್ತಾರವಾದ ಪಟ್ಟಿಯ ಮೇಲೆಯೂ ಕೇಳುತ್ತದೆ. ಆದರೆ ಯಾವೊಂದಕ್ಕೂ ವಿಶೇಷ ಒತ್ತು ಕೊಡುವುದಿಲ್ಲ. ಎಲ್ಲವನ್ನೂ ಕೇಳುವ ಯಂತ್ರಕ್ಕೆ ಎಲ್ಲವನ್ನೂ ಹಿಡಿಯುವ ಆಂಟೆನಾ ಬೇಡವೇ ಎಂದುಕೊಂಡು, ನಾನು ಡಿಸ್ಕೋನನ್ನೂ 20 ಅಡಿಯ ಕಬ್ಬಿಣದ ಪೈಪನ್ನೂ ಕೊಂಡು ತಂದೆ.

ಒಂದು ಭಾನುವಾರ ಬೆಳಿಗ್ಗೆ, ಪಕ್ಕದ ಮನೆಯ ಹದಿನೈದು ವರ್ಷದ ಹುಡುಗನನ್ನು ಸಹಾಯಕ್ಕೆ ಕರೆದೆ. ನನ್ನ ಕೋಣೆ ಮುಂಭಾಗದಲ್ಲಿರುವುದರಿಂದ ಕೇಬಲ್ ಉಳಿಯುತ್ತದೆಂದು ಲೆಕ್ಕ ಹಾಕಿ, ಬೀದಿಯ ಕಡೆಯ ಮೂಲೆಯನ್ನೇ ಆರಿಸಿದೆ. ಅವನು ಪೈಪಿನ ಬುಡವನ್ನು ಹಿಡಿದ. ನಾನು ಮೇಲಕ್ಕೆ ಎತ್ತಿದೆ. ತುದಿ ಭಾರವಾಗಿತ್ತು. ಎಲ್ಲಿತ್ತೋ ಗಾಳಿ, ಬೀಸಿತು. ಕಂಬ ಬೀದಿಯತ್ತ ವಾಲಿತು. ಬಟ್ಟೆ ಒಣಹಾಕಲು ಬಂದಿದ್ದ ನನ್ನಾಕೆ ಬಕೆಟ್ಟನ್ನು ಎಸೆದು “ತಂತಿ! ತಂತಿ! ಕೈ ಬಿಡೋ ಮಗು!” ಎಂದು ಚೀರಿದಳು. ಹುಡುಗ ಕೈ ಬಿಟ್ಟು ಹಾರಿದ. ನಾನೂ ಬಿಟ್ಟೆ. ಕಂಬ ಕೈಪಿಡಿಗೋಡೆಗೆ ಬಡಿದು ಅಲ್ಲಿಯೇ ಸಿಕ್ಕಿಕೊಂಡಿತು. ಅದರ ತುದಿಗೂ ಬೀದಿಯ ವಿದ್ಯುತ್ ತಂತಿಗೂ ನಡುವೆ ಉಳಿದದ್ದು ಒಂದು ಮೊಳ.

ಹುಡುಗ ನಕ್ಕು, “ಇನ್ನೊಂದು ಸಲ ಎತ್ತೋಣವೇ ಅಂಕಲ್?” ಎಂದ. ನನ್ನ ಕಾಲುಗಳು ನಿಲ್ಲಲಾರದೆ ಹೋದವು.

ಆ ಸಂಜೆ ನೆರೆಮನೆಗೆ ಹೋಗಿ, ಅವನ ತಾಯಿಗೆ ನಡೆದುದನ್ನು ನಡೆದಂತೆಯೇ ಹೇಳಿದೆ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ; ಅದಕ್ಕಾಗಿಯೇ ಹೇಳಬೇಕಾಯಿತು. ಆಕೆ ಬೈಯಲಿಲ್ಲ. ಮಗನನ್ನು ಕರೆದು ಅವನ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಒಂದು ತಿಂಗಳು ನಾನು ತಾರಸಿಯ ಕಡೆ ತಲೆ ಹಾಕಲಿಲ್ಲ. ಒಂದು ದಿನ ಕಾಫಿ ಕೊಡುತ್ತ ನನ್ನಾಕೆಯೇ ಕೇಳಿದಳು: “ಏನೂಂದ್ರೆ, ಅಷ್ಟಕ್ಕೂ ನೀವು ಕೇಳಬೇಕೆಂದಿದ್ದುದು ಏನನ್ನು?” ನಾನು 144, 146 ಎಂದು ವಿವರಿಸಿದೆ. “ಅಷ್ಟೇಯೇ? ಹಾಗಾದರೆ ಮಿಕ್ಕದ್ದಕ್ಕೆಲ್ಲ ಆ ಕೊಡೆ ಯಾಕೆ ಬೇಕಿತ್ತು?” ಇಬ್ಬರು ಸ್ನೇಹಿತರೂ ಕೇಳದಿದ್ದ ಪ್ರಶ್ನೆ ಅದು, ನಾನೂ ಕೇಳಿಕೊಂಡಿರಲಿಲ್ಲ.

ಅಂದು ಕಾಗದ ಹಿಡಿದು ಕುಳಿತೆ. 300ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರುಗಳಲ್ಲಿ ಸಿಗುತ್ತದೆ. 145ಕ್ಕೆ ಅದು ಎರಡು ಮೀಟರಿಗೆ ತುಸು ಹೆಚ್ಚು. ಅದರ ಕಾಲು ಭಾಗದಷ್ಟು ಕಡ್ಡಿ ಸಾಕು. ಲೋಹದಲ್ಲಿ ತುಸು ಕಿರಿದು ಮಾಡಬೇಕಾದುದರಿಂದ 49 ಸೆಂಟಿಮೀಟರು. ನೆಟ್ಟಗೆ ಒಂದು ಕಡ್ಡಿ, ಅದರ ಬುಡದಿಂದ ಓರೆಯಾಗಿ ಕೆಳಗಿಳಿಯುವ ನಾಲ್ಕು ಕಡ್ಡಿ: ಇದೇ ‘ಗ್ರೌಂಡ್ ಪ್ಲೇನ್’ ಎಂಬ ಆಂಟೆನಾ. ಹಿತ್ತಾಳೆಯ ಕಡ್ಡಿಗಳನ್ನು ಬೆಸುಗೆ ಹಾಕಿ ಮನೆಯಲ್ಲಿಯೇ ಮಾಡಿದೆ. ತೂಕ ಒಂದು ಸೌಟಿನಷ್ಟು.

ಜಾಗವನ್ನು ಈ ಸಲ ಮೊದಲು ಆರಿಸಿದೆ. ಕಂಬ ಯಾವ ದಿಕ್ಕಿಗೆ ಉರುಳಿದರೂ ತಂತಿಗೆ ತಾಗಬಾರದು. ಅದರ ಮೇಲೆ ಇನ್ನೂ ಹತ್ತು ಅಡಿ ಅಂತರವಿರಬೇಕು. ಆ ಅಳತೆಗೆ ಒಪ್ಪಿದ್ದು ಹಿತ್ತಲ ಕಡೆಯ ಮೂಲೆ. ಕಂಬ ಎಂಟೇ ಅಡಿ. ಕೇಬಲ್ ಉದ್ದವಾಯಿತು. ತೆಳ್ಳನೆಯ ಕೇಬಲ್ಲಿನಲ್ಲಿ 50 ಅಡಿ ಸಾಗುವಷ್ಟರಲ್ಲಿ ಈ ಪಟ್ಟಿಯ ಸಂಕೇತದ ಸುಮಾರು ಅರ್ಧ ಶಕ್ತಿ ಸೋರಿಹೋಗುತ್ತದೆ; ಆದುದರಿಂದ ದಪ್ಪ ಕೇಬಲ್ಲಿಗೆ ಹಣ ಸುರಿದೆ. ಕಂಬಕ್ಕೆ ಅರ್ತಿಂಗ್ ಮಾಡಿಸಿದೆ. ಏಪ್ರಿಲ್, ಮೇ ತಿಂಗಳ ಗುಡುಗಿನ ಸೂಚನೆ ಕಂಡ ಕೂಡಲೇ ಕೇಬಲ್ಲನ್ನು ಯಂತ್ರದಿಂದ ಬಿಚ್ಚಿಡುವುದು ನಮ್ಮ ಮನೆಯಲ್ಲಿ ಈಗ ಬಟ್ಟೆ ಒಳಗೆ ತರುವಷ್ಟೇ ಸಹಜವಾದ ಕೆಲಸ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಗಗನಯಾತ್ರಿಗಳು ಶಾಲಾಮಕ್ಕಳೊಡನೆ ಮಾತನಾಡುವುದು 145.800 ಮೆಗಾಹರ್ಟ್ಸಿನಲ್ಲಿ. 2025ರ ಜುಲೈಯಲ್ಲಿ ಶುಭಾಂಶು ಶುಕ್ಲಾ ಅವರೂ ಹವ್ಯಾಸಿ ರೇಡಿಯೋ ಮೂಲಕ ನಮ್ಮ ದೇಶದ ವಿದ್ಯಾರ್ಥಿಗಳೊಡನೆ ಮಾತನಾಡಿದರು. ನಿಲ್ದಾಣವು ನಮ್ಮ ಆಕಾಶದ ಮೇಲೆ ಹಾಯುವಾಗ ಯಾವುದೋ ಊರಿನ ಶಾಲೆಯೊಂದರ ಸರದಿ ಇರುವುದನ್ನು ಮೊದಲೇ ತಿಳಿದು, ಪಕ್ಕದ ಮನೆಯ ಹುಡುಗನನ್ನು ಕರೆದೆ. ತಾಯಿ ಕಳುಹಿಸಿದರು, “ಕೋಣೆಯಲ್ಲಿ ಕುಳಿತು ಕೇಳುವುದು ತಾನೇ?” ಎಂದು ಕೇಳಿಯೇ ಕಳುಹಿಸಿದರು.

ಹೇಳಿದ ನಿಮಿಷಕ್ಕೆ ಗೊರಗೊರದೊಳಗಿಂದ ದನಿಯೊಂದು ಎದ್ದಿತು. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ತೇಲುತ್ತಿದ್ದ ಮನುಷ್ಯನ ದನಿ! ನಿಲ್ದಾಣ ನೆತ್ತಿಯ ಮೇಲೆ ಬಂದಾಗ ಕೊಂಚ ಕುಗ್ಗಿತು. ನೆಟ್ಟಗಿನ ಕಡ್ಡಿಗೆ ನೇರ ಮೇಲಿನದು ಸರಿಯಾಗಿ ಕೇಳುವುದಿಲ್ಲ. ಮತ್ತೆ ತಿಳಿಯಾಯಿತು. ಮಕ್ಕಳ ಪ್ರಶ್ನೆಗಳು ಬೇರೆ ಕಂಪನಾಂಕದಲ್ಲಿ, ಬೇರೆ ಊರಿನಿಂದ ಮೇಲಕ್ಕೆ ಹೋಗುತ್ತಿದ್ದವು. ನಮಗೆ ಸಿಕ್ಕಿದ್ದು ಉತ್ತರಗಳು ಮಾತ್ರ. ಹುಡುಗ ಪ್ರತಿ ಉತ್ತರಕ್ಕೂ ಪ್ರಶ್ನೆಯನ್ನು ಊಹಿಸತೊಡಗಿದ. “ಅಲ್ಲಿ ಹೇಗೆ ಮಲಗುತ್ತೀರಿ ಎಂದು ಕೇಳಿರಬೇಕು ಅಂಕಲ್... ಈಗ ಊಟದ ವಿಷಯ!”

ಹತ್ತು ನಿಮಿಷಗಳಲ್ಲಿ ದನಿ ದಿಗಂತದಲ್ಲಿ ಮುಳುಗಿತು. ನನ್ನಾಕೆ ಬಾಗಿಲಲ್ಲಿ ನಿಂತು ಕೇಳಿದಳು: “ಸರಿಯಾಗಿ ಕೇಳಿಸಿತೇ?”

“ಕೇಳಿಸಿತು” ಎಂದೆ. ಹುಡುಗ ಇನ್ನೂ ಪ್ರಶ್ನೆಗಳನ್ನು ಊಹಿಸುತ್ತಲೇ ಇದ್ದ.