ಸಂತೋಷದ ಯಾತ್ರೆ

ಮನುಷ್ಯನು ಹುಟ್ಟಿದೂರನ್ನು ಬಿಟ್ಟು ಹೊರಡುವುದಕ್ಕೆ ನಮ್ಮ ಸೀಮೆಯಲ್ಲಿ ಬಹುಕಾಲದವರೆಗೆ ನಾಲ್ಕೇ ಕಾರಣಗಳಿದ್ದುವು. ಮೊದಲನೆಯದು ಹರಕೆ, ಎರಡನೆಯದು ವ್ಯಾಪಾರ, ಮೂರನೆಯದು ಹೊಟ್ಟೆ, ನಾಲ್ಕನೆಯದು ಭಯ. ತುಳಜಾಪುರಕ್ಕೂ ಪಂಢರಪುರಕ್ಕೂ ಗಾಣಗಾಪುರಕ್ಕೂ ಹೋದವರು ಹರಕೆ ಹೊತ್ತು ಹೋದರು. ಹುಮನಾಬಾದದಿಂದ ಸೊಲ್ಲಾಪುರ, ಹೈದರಾಬಾದುಗಳ ಪೇಟೆಗಳಿಗೆ ಹೋದವರು ಬೇಳೆಕಾಳಿನ ಲೆಕ್ಕ ಹೊತ್ತು ಹೋದರು. ೧೯೭೨ರ ಬರದಂತಹ ವರ್ಷಗಳಲ್ಲಿ ಮುಂಬಯಿ ಪುಣೆಗಳ ಹಾದಿ ಹಿಡಿದವರು ಬರಿಯ ಹೊಟ್ಟೆಯನ್ನೇ ಹೊತ್ತು ಹೋದರು. ನಾಲ್ಕನೆಯ ಕಾರಣವನ್ನು ಮುಂದೆ ಹೇಳುವೆನು. ಈ ನಾಲ್ಕರಲ್ಲಿ ಒಂದೂ ಅಲ್ಲದೆ, ಕೇವಲ ನೋಡಿ ಸಂತೋಷಪಡುವುದಕ್ಕಾಗಿ ಒಬ್ಬನು ಗಂಟು ಬಿಚ್ಚಿ ಪರದೇಶಕ್ಕೆ ಹೊರಡುವನೆಂದರೆ ಘಾಟಬೋರಾಳದಂತಹ ಊರಿನಲ್ಲಿ ಆ ಪ್ರಯಾಣಕ್ಕೆ ಇನ್ನೂ ಸರಿಯಾದ ಹೆಸರು ಹುಟ್ಟಿಲ್ಲ. ಏತಕ್ಕೆ ಹೊರಟಿರೆಂದು ಕೇಳಿದವರಿಗೆ "ನೋಡಲಿಕ್ಕೆ" ಎಂದು ಉತ್ತರ ಕೊಟ್ಟರೆ, ಅವರು ಉತ್ತರದ ಉಳಿದರ್ಧಕ್ಕಾಗಿ ಕಾಯುತ್ತ ನಿಲ್ಲುವರು.

ಇಂತಹ ಹೆಸರಿಲ್ಲದ ಯಾತ್ರೆಯೊಂದರ ಸಿದ್ಧತೆಯು ಆರು ತಿಂಗಳಿಂದ ನಮ್ಮ ಮನೆಯಲ್ಲಿ ನಡೆದಿದೆ. ಹೋಗುವ ಸ್ಥಳ ಸಿಂಗಾಪುರ. ಆ ನಗರದಲ್ಲಿ ನಾಲ್ಕು ದಿನ, ಅದರ ದಕ್ಷಿಣಕ್ಕೆ ಹೊಂದಿಕೊಂಡ ಸೆಂತೋಸಾ ಎಂಬ ಚಿಕ್ಕ ದ್ವೀಪದ ಕಡಲದಂಡೆಯಲ್ಲಿ ಎರಡು ದಿನ. ಹೋಗುವವರು ನಾನು, ನನ್ನ ಹೆಂಡತಿ, ಹೈದರಾಬಾದಿನಲ್ಲಿ ನೌಕರಿಯಲ್ಲಿರುವ ಮಗಳು, ಮತ್ತು ಎಪ್ಪತ್ತೇಳು ದಾಟಿದ ನನ್ನ ತಾಯಿ. ನಿಜವಾಗಿ ನೋಡಿದರೆ ಯಾತ್ರೆ ತಾಯಿಯದೇ. ನಾವು ಮೂವರು ಆಕೆಯ ಊರುಗೋಲುಗಳು.

ನಮ್ಮದು ಸಮುದ್ರವನ್ನರಿಯದ ನಾಡು. ನಕಾಶೆಯ ಮೇಲೆ ಎಳೆ ಹಿಡಿದು ಅಳೆದು ನೋಡಿದರೆ, ಪಡುವಣ ಕಡಲು ಇಲ್ಲಿಂದ ಸುಮಾರು ೪೦೦ ಕಿಲೋಮೀಟರು, ಮೂಡಣ ಕಡಲೂ ಸುಮಾರು ಅಷ್ಟೇ. ಎರಡು ಸಮುದ್ರಗಳೂ ಕೂಡಿ ಮಾತಾಡಿಕೊಂಡು ನಮ್ಮನ್ನು ಸಮದೂರದಲ್ಲಿ ಇಟ್ಟಂತಿದೆ. ೨೦೧೭ರಲ್ಲಿ ಬೀದರ-ಕಲಬುರಗಿ ರೈಲುದಾರಿ ಪೂರ್ತಿಯಾಯಿತು. ಹುಮನಾಬಾದ ನಿಲ್ದಾಣದ ಹಳದಿ ಫಲಕದ ಮೇಲೆ ಊರ ಹೆಸರಿನ ಕೆಳಗೆ, ಎಲ್ಲ ನಿಲ್ದಾಣಗಳಲ್ಲಿರುವಂತೆ, ಸಮುದ್ರ ಮಟ್ಟದಿಂದ ಆ ಸ್ಥಳವು ಎಷ್ಟು ಎತ್ತರವೆಂಬುದನ್ನು ಬರೆದಿರುತ್ತಾರೆ. ಕಣ್ಣಿಗೆ ಬೀಳದ ಸಮುದ್ರದಿಂದಲೇ ನಮ್ಮ ನೆಲದ ಎತ್ತರವನ್ನು ಅಳೆಯುವರು! ನಾನು ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವನು. ದ್ವೀಪವೆಂದರೆ ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗವೆಂದು ಮೂವತ್ತು ತರಗತಿಗಳಿಂದ ಬಾಯಿಪಾಠ ಹೇಳಿಸಿದ್ದೇನೆ. ಒಂದು ಸಂಜೆ ಮಗಳು ಫೋನಿನಲ್ಲಿ ಚಿತ್ರ ತೋರಿಸಿದಾಗ ತಾಯಿಯು, "ಕಾರಂಜಾ ಡ್ಯಾಮಿನಕಿಂತಾ ದೊಡ್ಡದಿರ್ತದೇನವಾ ಸಮುದ್ರ?" ಎಂದು ಮೊಮ್ಮಗಳನ್ನು ಕೇಳಿದಳು. ಭಾಲ್ಕಿ ತಾಲೂಕಿನ ಆ ಜಲಾಶಯವೇ ಆಕೆ ಕಂಡ ನೀರಿನಲ್ಲೆಲ್ಲ ದೊಡ್ಡದು. ಯಾತ್ರೆಯ ಮಾತು ಹುಟ್ಟಿದ್ದು ಆ ಸಂಜೆಯೇ.

ಅದನ್ನು ಮುಂದೂಡಲಾಗದಂತೆ ಮಾಡಿದುದು ಆಕೆಯ ಕಣ್ಣು. ಕಣ್ಣಿನೊಳಗಿನ ಒತ್ತಡವು ಏರಿ ನರವು ಸವೆಯುವ ರೋಗ ಆಕೆಗಿದೆ. ಈ ರೋಗದಲ್ಲಿ ನೋಟವು ಮೊದಲು ಅಂಚಿನಿಂದ ಹೋಗುತ್ತದೆ. ನಡುವಿನಲ್ಲಿದ್ದುದು ಸ್ಪಷ್ಟವಾಗಿಯೇ ಕಾಣುವುದು, ಸುತ್ತಲಿನದು ಮೆಲ್ಲಮೆಲ್ಲನೆ ಅಳಿಯುವುದು. ಕೊಳವೆಯೊಳಗಿಂದ ಲೋಕವನ್ನು ನೋಡಿದ ಹಾಗೆ. ಹೋದ ನೋಟವನ್ನು ಯಾವ ಮದ್ದೂ ಮರಳಿ ತರದು; ಇದ್ದುದನ್ನು ಹನಿಯೌಷಧದಿಂದ ಕಾಯ್ದುಕೊಳ್ಳಬೇಕು. ಇದನ್ನು ವೈದ್ಯರು ವಿವರಿಸಿ ಹೇಳಿದ ದಿನ ತಾಯಿಯು ಒಂದು ಮಾತನ್ನೂ ಆಡಲಿಲ್ಲ. ಮನೆಗೆ ಬಂದ ಮೇಲೆ, ತೊಗರಿಯ ಎರಡು ಸುಗ್ಗಿಯ ಉಳಿತಾಯವನ್ನು ಹೊಸ ಕೊಳವೆಬಾವಿಗೆ ಹಾಕುವುದೋ, ಅಟ್ಟದ ಕೆಲಸಕ್ಕೆ ಹಾಕುವುದೋ ಎಂಬ ನಮ್ಮ ಹಳೆಯ ಚರ್ಚೆಯು ತಾನಾಗಿಯೇ ನಿಂತುಹೋಯಿತು.

ನಮ್ಮ ಸೀಮೆಯವರು ಕಡಲಿನತ್ತ ಹೋಗಲಿಲ್ಲವೆಂದರೂ, ಕಡಲು ದಾಟಿದವರು ನಮ್ಮ ಸೀಮೆಗೆ ಬಂದುದುಂಟು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣವು ಎಷ್ಟು ದೂರದವರನ್ನು ಎಳೆಯುತ್ತಿತ್ತೆಂದರೆ, ಬಿಲ್ಹಣ ಕವಿಯು ಕಾಶ್ಮೀರದಿಂದ ಊರೂರು ತಿರುಗುತ್ತ ಬಂದು ಇಲ್ಲಿಯ ಆಸ್ಥಾನದಲ್ಲಿ ನೆಲೆ ಕಂಡನು. ಆತನು ಬಂದುದು ನೆಲದ ಹಾದಿಯಿಂದ. ಮಹಮೂದ ಗವಾನನಾದರೋ ಇರಾನದ ಗೀಲಾನಿನವನು; ಹಡಗು ಹತ್ತಿ, ದಾಭೋಳ ಬಂದರಿನಲ್ಲಿಳಿದು, ೧೪೫೩ರಲ್ಲಿ ವ್ಯಾಪಾರಿಯಾಗಿ ಬೀದರಕ್ಕೆ ಬಂದನು. ಮಂತ್ರಿಯಾಗಿ ಬೆಳೆದು ೧೪೭೨ರಲ್ಲಿ ಅಲ್ಲಿಯ ಮದರಸವನ್ನು ಕಟ್ಟಿಸಿದನು. ಅದೇ ಸುಮಾರಿನಲ್ಲಿ ರಷ್ಯಾದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನನೆಂಬ ವರ್ತಕನು, ದಾರಿಯಲ್ಲಿ ಲೂಟಿಗೊಳಗಾಗಿ, ಹೊರ್ಮುಜ್ ದ್ವೀಪದ ಪಟ್ಟಣವನ್ನು ಹಾದು, ಒಂದು ಕುದುರೆಯನ್ನು ಕಟ್ಟಿಕೊಂಡು ಕಡಲ ಮೇಲಿನಿಂದ ಬಂದು ಅದನ್ನು ಬೀದರದಲ್ಲಿ ಮಾರಿದನು. ಆಳಂದದ ಉರುಸಿನ ಜಾತ್ರೆಯನ್ನೂ ಅವನು ತನ್ನ ಬರಹದಲ್ಲಿ ವರ್ಣಿಸಿರುವನು. ಬೀದರದಿಂದ ಆಳಂದಕ್ಕೆ ಹೋಗುವ ಕುದುರೆಗಳು ನಮ್ಮ ಸೀಮೆಯನ್ನು ತುಳಿಯದೆ ಹೇಗೆ ಹೋದಾವು? ಅವನ ಪುಸ್ತಕಕ್ಕೆ ಮೂರು ಸಮುದ್ರಗಳಾಚೆಯ ಯಾತ್ರೆಯೆಂದು ಹೆಸರು. ಕ್ಯಾಸ್ಪಿಯನ್, ಹಿಂದೂ ಸಾಗರ, ಕಪ್ಪು ಸಮುದ್ರ ಇವೇ ಆ ಮೂರು. ಪಾಪ, ಮರಳುವಾಗ ಊರು ಮುಟ್ಟುವ ಮೊದಲೇ ಸ್ಮೊಲೆನ್ಸ್ಕಿನ ಬಳಿ ತೀರಿಕೊಂಡನು. ಒಬ್ಬನು ಆಶ್ರಯಕ್ಕೆ ಬಂದನು, ಇಬ್ಬರು ಲಾಭಕ್ಕೆ ಬಂದರು. ಬರಿಯ ನೋಡಲಿಕ್ಕೆ ಬಂದವರು ಇವರಲ್ಲಿಯೂ ಇಲ್ಲ.

ಇನ್ನು ನಾಲ್ಕನೆಯ ಕಾರಣ. ತಾಯಿಯ ಪಾಸ್‌ಪೋರ್ಟಿನ ಅರ್ಜಿಯನ್ನು ತುಂಬಲು ಕುಳಿತ ದಿನ ಅದು ಎದುರು ಬಂದು ನಿಂತಿತು. ಹುಟ್ಟಿದ ದಿನಾಂಕವೆಂಬ ಕಟ್ಟಿನಲ್ಲಿ ಏನು ಬರೆಯಬೇಕು? ಆಕೆಯ ಒಂದು ಚೀಟಿಯಲ್ಲಿ ಜನವರಿ ೧ ಎಂದಿದೆ. ಇನ್ನೊಂದರಲ್ಲಿ ವರ್ಷವಷ್ಟೇ ಇದೆ, ಅದೂ ಬೇರೆ. ಹೆಸರು ಒಂದರಲ್ಲಿ 'ಬಾಯಿ' ಎಂದು ಮುಗಿದರೆ ಇನ್ನೊಂದರಲ್ಲಿ 'ಅಮ್ಮ' ಎಂದು ಮುಗಿಯುತ್ತದೆ. ಈ ಭೇದಗಳನ್ನು ಸರಿಪಡಿಸಲು ಮೂರು ತಿಂಗಳು ಕಾಗದಗಳ ಬೆನ್ನು ಹತ್ತಿದೆವು. ಆದರೆ ನಿಜವಾದ ದಿನಾಂಕವು ಯಾವ ಕಾಗದದಲ್ಲಿಯೂ ಇಲ್ಲ, ನಮ್ಮ ಅಜ್ಜಿಯ ಬಾಯಲ್ಲಿತ್ತು. ೧೯೪೮ರಲ್ಲಿ, ನಿಜಾಮರ ರಾಜ್ಯದಲ್ಲಿ ರಜಾಕಾರರ ಹಾವಳಿ ಮಿತಿಮೀರಿದಾಗ, ಈ ಭಾಗದ ಅನೇಕ ಕುಟುಂಬಗಳು ಗಡಿ ದಾಟಿ ಸೊಲ್ಲಾಪುರ ಜಿಲ್ಲೆಯಲ್ಲಿ ತಲೆಮರೆಸಿಕೊಂಡುವು. ತುಂಬು ಬಸುರಿಯಾದ ಅಜ್ಜಿಯು ರಾತ್ರಿಯ ಹೊತ್ತು ಬಂಡಿಯಲ್ಲಿ ಕುಳಿತು ಗಡಿ ದಾಟಿದಳು. ಆಚೆಯ ಒಂದು ಹಳ್ಳಿಯ ದನದ ಕೊಟ್ಟಿಗೆಯಲ್ಲಿ, ಮೊದಲ ಮಳೆಯಾದ ಮೇಲೆ, ನನ್ನ ತಾಯಿ ಹುಟ್ಟಿದಳು. ಸೆಪ್ಟೆಂಬರ ೧೭ರಂದು ನಿಜಾಮರು ಶರಣಾದರು. ಆ ಬಳಿಕ ಭಯವು ಪಕ್ಷ ಬದಲಿಸಿತು. ಆಗ ಊರು ಬಿಟ್ಟು ಓಡಬೇಕಾದವರು ಬೇರೆ ಮನೆಗಳವರು. ಅವರನ್ನು ನೆನೆದಾಗಲೂ ಅಜ್ಜಿಯು ಅಳುತ್ತಿದ್ದಳು.

ಹೀಗೆ ಲೆಕ್ಕ ಹಾಕಿದರೆ ನಮ್ಮ ಮನೆತನದ ಮೊದಲನೆಯ ಪರದೇಶ ಪ್ರಯಾಣವು ೧೯೪೮ರಲ್ಲಿಯೇ ಆಗಿಹೋಗಿದೆ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಗಡಿ ದಾಟಿದ ಪ್ರಯಾಣವದು. ಪಾಸ್‌ಪೋರ್ಟಿಲ್ಲ, ದೀಪವಿಲ್ಲ, ಅಳುವ ಮಗುವಿಗೆ ಅಳಲು ಅನುಮತಿಯಿಲ್ಲ. ಎಪ್ಪತ್ತೇಳು ವರ್ಷಗಳಾದ ಮೇಲೆ ಅದೇ ಮಗಳು ಎರಡನೆಯ ಸಲ ಹೊರಡುವಾಗ, ಕಾರಣವು ಸಂತೋಷವೊಂದೇ ಆಗಿರಲೆಂದು ನಾನು ಹಟ ಹಿಡಿದರೆ ಅದನ್ನು ಷೋಕಿಯೆನ್ನಬೇಕೆ?

ಷೋಕಿಯೆಂದವರು ಇಲ್ಲದೆ ಇಲ್ಲ. ಅಷ್ಟು ಹಣದಲ್ಲಿ ಕಾಶಿ, ಕೇದಾರಗಳೆರಡೂ ಆಗುವುವೆಂದು ಬಳಗದ ಹಿರಿಯರೊಬ್ಬರು ಹೇಳಿದರು. ಸಮುದ್ರವನ್ನೇ ನೋಡಬೇಕಿದ್ದರೆ ಗೋಕರ್ಣವಿಲ್ಲವೇ, ಪುಣ್ಯಕ್ಕೆ ಪುಣ್ಯ, ನೀರಿಗೆ ನೀರು, ಎಂದು ಇನ್ನೊಬ್ಬರೆಂದರು. ನಾನು ಉತ್ತರಕ್ಕಾಗಿ ತಡಕಾಡುತ್ತಿರುವಾಗ ತಾಯಿಯೇ ಒಳಗಿನಿಂದ ಹೇಳಿದಳು: "ಗೋಕರ್ಣಕ್ಕ ಹೋದ್ರ ದೇವ್ರಿಗಿ ನೋಡ್ಬೇಕಾಗ್ತದಣ್ಣಾ, ಸಮುದ್ರಕ್ಕ ಯಾವಾಗ ನೋಡ್ಲಿ?" ಇದರಲ್ಲಿ ನಾಸ್ತಿಕತೆಯಿಲ್ಲ. ವೀರಭದ್ರ ದೇವರ ಜಾತ್ರೆಗೂ ಮಾಣಿಕನಗರಕ್ಕೂ ಆಕೆ ವರ್ಷ ತಪ್ಪಿಸಿದವಳಲ್ಲ. ಹರಕೆಯ ಯಾತ್ರೆಯಲ್ಲಿ ಉಪವಾಸ, ಮಡಿ, ಸರತಿಯ ಸಾಲು, ಎಲ್ಲರಿಗೂ ಪ್ರಸಾದ ಕಟ್ಟುವ ಚಿಂತೆ ಇವುಗಳೊಳಗೆ ಹೆಂಗಸರ ಕಣ್ಣಿಗೆ ಬಿಡುವಿರುವುದಿಲ್ಲವೆಂಬುದನ್ನು ಆಕೆ ಅನುಭವದಿಂದ ಬಲ್ಲಳು. ಮತ್ತೊಂದು ಮಾತು: ಗೋಕರ್ಣಕ್ಕೆ ರಸ್ತೆಯ ಮೇಲೆ ೫೦೦ ಕಿಲೋಮೀಟರಿಗೂ ಮಿಕ್ಕ ದೂರವನ್ನು ಆಕೆಯ ಮೊಣಕಾಲುಗಳು ತಾಳಲಾರವು. ಹೈದರಾಬಾದಿನಿಂದ ಸಿಂಗಾಪುರವು ಸುಮಾರು ೩೩೦೦ ಕಿಲೋಮೀಟರಾದರೂ ವಿಮಾನದಲ್ಲಿ ನಾಲ್ಕೂವರೆ ತಾಸಿನ ಮಾತು. ದೂರವು ಈಗ ಕಿಲೋಮೀಟರಿನಲ್ಲಿಲ್ಲ, ಮೊಣಕಾಲಿನಲ್ಲಿದೆ.

ನಗರದಲ್ಲಿ ಏನೇನು ನೋಡುವುದೆಂಬ ಪಟ್ಟಿಯು ದಿನಕ್ಕೊಮ್ಮೆ ತಿದ್ದಲ್ಪಡುತ್ತಿದೆ. ಮಗಳ ಪಟ್ಟಿಯಲ್ಲಿ ೨೦೧೨ರಲ್ಲಿ ತೆರೆದ ಕೊಲ್ಲಿಯಂಚಿನ ಉದ್ಯಾನವು ಮೊದಲನೆಯದು. ಅಲ್ಲಿ ಉಕ್ಕು ಕಾಂಕ್ರೀಟುಗಳ ಮರಗಳು ೫೦ ಮೀಟರಿನವರೆಗೆ ಎದ್ದುನಿಂತಿವೆ. ಅದರ ಚಿತ್ರ ನೋಡಿ ತಾಯಿಯು, "ಇದರ ಮ್ಯಾಲ ಹಕ್ಕಿ ಕೂಡ್ತಾವೇನು?" ಎಂದು ಕೇಳಿದಳು. ಹೆಂಡತಿಯ ಪಟ್ಟಿಯಲ್ಲಿ ೧೮೨೭ರಲ್ಲಿ ಸ್ಥಾಪನೆಯಾದ ಮಾರಿಯಮ್ಮನ ಗುಡಿಯೂ, ೧೮೫೯ರಲ್ಲಿ ಆರಂಭವಾದ ಸಸ್ಯೋದ್ಯಾನವೂ ಇವೆ. ನನ್ನ ಪಟ್ಟಿಯಲ್ಲಿರುವುದು ಒಂದು ಒಡ್ಡು. ವರ್ಷಕ್ಕೆ ೨೦೦೦ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯುವ ಆ ದ್ವೀಪದಲ್ಲಿ ಕುಡಿಯುವ ನೀರಿಗೆ ಕೊರತೆ. ನೀರನ್ನು ಹಿಡಿದಿಡಲು ನೆಲವೇ ಇಲ್ಲ. ೧೯೬೨ರ ಒಪ್ಪಂದದಂತೆ ನೆರೆಯ ಜೊಹೋರಿನಿಂದ ನೀರು ಕೊಳ್ಳುವರು. ೨೦೦೮ರಲ್ಲಿ ನಗರದ ನಡುವಣ ಕೊಲ್ಲಿಯ ಬಾಯಿಗೇ ೩೫೦ ಮೀಟರಿನ ಒಡ್ಡು ಕಟ್ಟಿ, ಒಂಬತ್ತು ಉಕ್ಕಿನ ಕದಗಳನ್ನಿಟ್ಟು, ಕಡಲನ್ನು ಹೊರಗೆ ನಿಲ್ಲಿಸಿ, ಒಳಗಿನ ಉಪ್ಪುನೀರಿನ ಸ್ಥಳವನ್ನು ಸಿಹಿನೀರಿನ ಕೆರೆಯಾಗಿ ಮಾಡಿದರು. ಅದರ ಅರ್ಧದಷ್ಟೂ ಮಳೆ ಕಾಣದ ನಾಡಿನವನಾದ ನಾನು, ಗಗನಚುಂಬಿ ಕಟ್ಟಡಗಳಿಗಿಂತ ಆ ಒಂಬತ್ತು ಕದಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವೆನೆಂದು ತೋರುತ್ತದೆ.

ಆ ನಗರವನ್ನು ಕಟ್ಟಿದವರಲ್ಲಿ ನಮ್ಮ ದೇಶದವರೂ ಇದ್ದರು. ೧೮೨೫ರಿಂದ ಭಾರತದ ಕೈದಿಗಳನ್ನು ಹಡಗಿನಲ್ಲಿ ತುಂಬಿ ಅಲ್ಲಿಗೆ ಸಾಗಿಸುತ್ತಿದ್ದರು. ಈಗ ಅಧ್ಯಕ್ಷರ ನಿವಾಸವಾಗಿರುವ ಇಸ್ತಾನಾ ಭವನವನ್ನು ಕಟ್ಟಿದ ಕೈಗಳು ಅವರವು. ಅವರಿಗೆ ಪ್ರಯಾಣದ ಕಾರಣವು ಸಂಕೋಲೆಯಾಗಿತ್ತು. ನೋಡಲಿಕ್ಕೆಂದು ಹೋಗುವವನು ಇದನ್ನು ತಿಳಿದು ಹೋದರೆ ಅವನ ನೋಟಕ್ಕೆ ಸ್ವಲ್ಪ ವಿನಯ ಬಂದೀತು.

ದ್ವೀಪದ ಸಂಗತಿ ಇನ್ನೂ ವಿಚಿತ್ರವಾದುದು. ಅದರ ಹಳೆಯ ಹೆಸರು 'ಪುಲಾವ್ ಬ್ಲಾಕಾಂಗ್ ಮಾತಿ'. ಮಲಾಯ್ ಭಾಷೆಯಲ್ಲಿ ಬೆನ್ನ ಹಿಂದಿನ ಸಾವು ಎಂಬಂತಹ ಅರ್ಥ. ಬ್ರಿಟಿಷರು ಅಲ್ಲಿ ತೋಪುಗಳ ಕೋಟೆಗಳನ್ನು ಕಟ್ಟಿದ್ದರು. ೧೯೪೨ರ ಫೆಬ್ರವರಿಯಲ್ಲಿ ಸಿಂಗಾಪುರವು ಜಪಾನೀಯರ ಕೈವಶವಾದಾಗ, ಅವರಿಂದ ಹತರಾದ ಚೀನೀ ನಾಗರಿಕರ ಶವಗಳು ತೇಲಿಬಂದು ಈ ದಂಡೆಗೆ ತಾಗಿದುವು. ದೇಶವು ಸ್ವತಂತ್ರವಾದ ಮೇಲೆ, ೧೯೭೨ರಲ್ಲಿ, ಅದನ್ನು ಜನರ ವಿಹಾರಸ್ಥಾನವಾಗಿ ಮಾಡಲು ನಿಶ್ಚಯಿಸಿ 'ಸೆಂತೋಸಾ' ಎಂಬ ಹೊಸ ಹೆಸರಿಟ್ಟರು. ನಮ್ಮ 'ಸಂತೋಷ'ವೇ ಮಲಾಯ್ ನಾಲಗೆಯ ಮೇಲೆ ಹೊರಳಿ ಸೆಂತೋಸಾ ಆಗಿದೆ. ಅವರಲ್ಲಿ ಅದಕ್ಕೆ ಶಾಂತಿ, ನೆಮ್ಮದಿಯೆಂಬ ಅರ್ಥ. ದಂಡೆಗಳ ಮರಳೂ ಬಹುಮಟ್ಟಿಗೆ ಹೊರಗಿನಿಂದ ತಂದು ಹಾಸಿದ್ದು. ಸಾವಿನ ಹೆಸರು ಹೊತ್ತ ನೆಲಕ್ಕೆ ಮರಳು ಹೊತ್ತು, ಮರ ನೆಟ್ಟು, ಸಂತೋಷವೆಂದು ಕರೆದವರು ಚರಿತ್ರೆಯನ್ನು ಅಳಿಸಲಿಲ್ಲ. ಕೋಟೆಯನ್ನು ಹಾಗೆಯೇ ಉಳಿಸಿ ನೋಡುವವರಿಗೆ ತೆರೆದಿಟ್ಟಿರುವರು. ಭಯದಲ್ಲಿ ಹುಟ್ಟಿದ ನನ್ನ ತಾಯಿಗೆ ಕಡಲನ್ನು ತೋರಿಸಲು ಇದಕ್ಕಿಂತ ತಕ್ಕ ದಂಡೆಯನ್ನು ನಾನು ಹುಡುಕಲಾರೆನು.

ಅಲ್ಲಿಯ ಕಡಲು ಬರಿದಾದ ನೀಲಿಯಲ್ಲ. ಲಂಗರು ಹಾಕಿದ ಹಡಗುಗಳು ದಿಗಂತದುದ್ದಕ್ಕೂ ಸಾಲಾಗಿ ನಿಂತಿರುತ್ತವೆ. ಮೊದಲು ಇದನ್ನು ನಾನು ಕುಂದೆಂದೇ ಎಣಿಸಿದ್ದೆನು. ಮಗಳು ಹೇಳಿದಳು: "ಆಯಿಗೆ ಇದೇ ಚಲೋ, ಅಪ್ಪಾ. ಅಕಿ ಒಂದೊಂದೇ ಹಡಗು ಹಿಡಿದು ನೋಡ್ತಾಳ." ಕೊಳವೆಯ ನೋಟದವರಿಗೆ ಅಖಂಡವಾದ ಬಯಲಿಗಿಂತ, ಎಣಿಸಿಕೊಂಡು ಹೋಗಬಹುದಾದ ವಸ್ತುಗಳು ಹಿತವಾದುವು.

ಡಿಸೆಂಬರು ಜನವರಿಗಳಲ್ಲಿ ಅಲ್ಲಿ ಮಳೆ ಹೆಚ್ಚು, ಫೆಬ್ರವರಿಯಲ್ಲಿ ಕಡಿಮೆ. ನಮ್ಮಲ್ಲಿ ತೊಗರಿಯ ರಾಶಿಯಾಗಿ ಕಾಳು ಪೇಟೆ ಮುಟ್ಟುವುದೂ ಅಷ್ಟರಲ್ಲಿಯೇ. ಆದುದರಿಂದ ಫೆಬ್ರವರಿಯ ಮೊದಲ ವಾರವೇ ನಿಂತಿದೆ. ಮಗಳು ಮೊದಲು ನಗರ, ಕಡೆಗೆ ದ್ವೀಪವೆಂದು ಕ್ರಮ ಹಾಕಿದ್ದಳು. ಪ್ರವಾಸಿಗರೆಲ್ಲ ಮಾಡುವುದು ಹಾಗೆಯೇ. ಅದನ್ನು ತಿರುವಿ ಹಾಕಿದ್ದೇವೆ. ಮಧ್ಯಾಹ್ನದ ಬಿಸಿಲಿನ ಝಳ ಆಕೆಯ ಕಣ್ಣಿಗೆ ಆಗದು. ಸೂರ್ಯ ಮುಳುಗುವುದು ಅಲ್ಲಿಯ ಗಡಿಯಾರದಲ್ಲಿ ಏಳರ ಮೇಲೆ. ಆದ್ದರಿಂದ ವಿಮಾನ ಇಳಿದ ದಿನವೇ ಕೊಠಡಿಯಲ್ಲಿ ಚೀಲ ಇಳಿಸಿ, ಗಾಲಿಕುರ್ಚಿಯೊಡನೆ ಐದು ಗಂಟೆಗೆ ದಂಡೆಗೆ ಹೋಗುವುದು. ಹನಿಯೌಷಧದ ವೇಳೆಯನ್ನು ಎರಡೂವರೆ ತಾಸಿನ ಅಂತರ ಲೆಕ್ಕ ಹಿಡಿದು ಚೀಟಿಯಲ್ಲಿ ಬರೆದಿಟ್ಟಿದ್ದೇವೆ. ಬುತ್ತಿಗೆ ಕಡಕ ರೊಟ್ಟಿ, ಶೇಂಗಾದ ಹಿಂಡಿ. ಉಳಿದ ನಗರವೆಲ್ಲ ಆಮೇಲೆ. ನೋಡಿದಷ್ಟು ನೋಡುವುದು, ಬಿಟ್ಟದ್ದು ಬಿಡುವುದು.

ಪಾಸ್‌ಪೋರ್ಟು ಹೋದ ವಾರ ಅಂಚೆಯಲ್ಲಿ ಬಂದಿತು. ಅದರಲ್ಲಿ ಹುಟ್ಟಿದ ದಿನಾಂಕ ಜನವರಿ ೧ ಎಂದೇ ಇದೆ. ತಾಯಿಯು ಅದನ್ನು ಕಣ್ಣಿನ ಸಮೀಪ ಹಿಡಿದು, ತನ್ನ ಚಿತ್ರವನ್ನು ಬಹಳ ಹೊತ್ತು ನೋಡಿ, ಒಳಗಿನ ಬರಿಯ ಹಾಳೆಗಳು ಏತಕ್ಕೆಂದು ಕೇಳಿದಳು. ಹೋದ ದೇಶಗಳ ಮುದ್ರೆಗಳನ್ನು ಅದರಲ್ಲಿ ಒತ್ತುವರೆಂದು ಹೇಳಿದೆನು. ಆಕೆ ಹಾಳೆಗಳನ್ನು ಒಂದೊಂದಾಗಿ ಎಣಿಸಿದಳು. ಎಣಿಸಿ, ಇಷ್ಟೊಂದು ಹಾಳೆ ಕೊಟ್ಟಿದ್ದಾರಲ್ಲ ಎಂದು ನಕ್ಕಳು.